ಲಾರಿ ಹೊರಡುವ ಮೊದಲೇ ಆಗುವ ತೀರ್ಮಾನ: ಸಣ್ಣ ಲಾರಿ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲಾರಿ ಮಾಲೀಕರೇ,

ನೂರಾರು ಗಾಡಿಗಳಿರುವ ದೊಡ್ಡ ಕಂಪನಿಗಳಲ್ಲಿ ಸುರಕ್ಷತೆ ನೋಡಿಕೊಳ್ಳಲೆಂದೇ ಸಿಬ್ಬಂದಿ ಇರುತ್ತಾರೆ. ಈ ಪತ್ರ ಅವರಿಗಲ್ಲ. ಒಂದು, ಎರಡು, ಹೆಚ್ಚೆಂದರೆ ಐದಾರು ಲಾರಿ ಇಟ್ಟುಕೊಂಡು, ತಿಂಗಳು ತಿಂಗಳೂ ಕಂತು ಕಟ್ಟುತ್ತ, ಬ್ಯಾಡಗಿಯ ಮೆಣಸಿನಕಾಯಿ, ಕೋಲಾರದ ಟೊಮೆಟೊ, ದಾವಣಗೆರೆಯ ಮೆಕ್ಕೆಜೋಳ, ಬಳ್ಳಾರಿಯ ಅದಿರು ಸಾಗಿಸುವ ನಿಮಗೆ ಇದನ್ನು ಬರೆಯುತ್ತಿದ್ದೇನೆ. ಗಾಡಿಯ ಮಾಲೀಕರೂ ನೀವೇ, ಮ್ಯಾನೇಜರೂ ನೀವೇ, ಎಷ್ಟೋ ಸಲ ಡ್ರೈವರೂ ನೀವೇ.

2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ ಏರಿಕೆಯ ವಿರುದ್ಧ ನೀವು ಲಾರಿ ನಿಲ್ಲಿಸಿ ಮುಷ್ಕರ ಹೂಡಿದಾಗ ಸರ್ಕಾರ ನಿಮ್ಮನ್ನು ಕರೆದು ಮಾತಾಡಬೇಕಾಯಿತು. ಒಟ್ಟಾಗಿ ನಿಂತರೆ ಎಷ್ಟು ಬಲವಿದೆ ಎಂಬುದು ನಿಮಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ. ಆ ಒಗ್ಗಟ್ಟನ್ನು ಇನ್ನೊಂದು ಕೆಲಸಕ್ಕೂ ಬಳಸಿ ಎಂದು ಕೇಳುವುದೇ ಈ ಪತ್ರದ ಉದ್ದೇಶ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಗುಂಡೇನಹಳ್ಳಿ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಒಂದು ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಶಿವಮೊಗ್ಗ ಜಿಲ್ಲೆಗೆ ಮರಳುತ್ತಿದ್ದ 13 ಜನ ತೀರಿಕೊಂಡರು. ಅದಕ್ಕೂ ಎಂಟು ತಿಂಗಳ ಹಿಂದೆ, 2023ರ ಅಕ್ಟೋಬರ್ 26ರ ಬೆಳಗಿನ ಮಂಜಿನಲ್ಲಿ, ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ ಹತ್ತಕ್ಕೂ ಹೆಚ್ಚು ಜನ ಹೋದರು. ಈ ಪ್ರಕರಣಗಳಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವವನು ನಾನಲ್ಲ, ಅದು ನ್ಯಾಯಾಲಯದ ಕೆಲಸ. ಎರಡರಲ್ಲೂ ಲಾರಿ ಓಡುತ್ತಿರಲಿಲ್ಲ, ನಿಂತಿತ್ತು ಎಂಬುದನ್ನು ಮಾತ್ರ ಗಮನಿಸಿ. ನಿಂತ ಗಾಡಿಯೂ ಇಷ್ಟು ಜನರ ಸಾವಿನಲ್ಲಿ ಭಾಗಿಯಾಗುತ್ತದೆ ಎಂದ ಮೇಲೆ, ಸುರಕ್ಷತೆಯನ್ನು ಡ್ರೈವರ್‌ನ ಚಾಲಾಕಿತನಕ್ಕೆ ಬಿಟ್ಟು ಮಾಲೀಕರು ಸುಮ್ಮನಿರಲು ಆಗುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಡ್ರೈವರ್ ಸ್ಟೇರಿಂಗ್ ಹಿಡಿಯುವ ಹೊತ್ತಿಗೆ ಆ ಟ್ರಿಪ್ಪಿನ ಮುಖ್ಯ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಎಷ್ಟು ಟನ್ ಲೋಡು, ಯಾವ ಟೈರು, ಎಷ್ಟು ಹೊತ್ತಿಗೆ ಮುಟ್ಟಬೇಕು, ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದಾನೋ ಇಲ್ಲವೋ, ಟ್ರಿಪ್ಪಿಗೆ ಎಷ್ಟು ಬಾಟಾ: ಇವೆಲ್ಲ ನಿಮ್ಮ ತೀರ್ಮಾನಗಳು. ಕಾನೂನು ಕೂಡ ಹೀಗೇ ನೋಡುತ್ತದೆ. ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ಓದಿ ನೋಡಿ. ಮಿತಿ ಮೀರಿದ ಭಾರ ಹೊತ್ತ ಗಾಡಿಯ ಡ್ರೈವರ್ ಅದರ ಮಾಲೀಕನಲ್ಲದಿದ್ದರೆ, ಆ ತಪ್ಪು ಮಾಲೀಕನಿಗೆ ತಿಳಿದೇ ನಡೆದಿದೆ ಅಥವಾ ಅವನ ಅಪ್ಪಣೆಯಂತೆ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು. "ನನಗೆ ಗೊತ್ತಿರಲಿಲ್ಲ ಸ್ವಾಮಿ" ಎಂಬ ಮಾತು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ.

ಮೊದಲು ಕಾಗದಪತ್ರಗಳ ವಿಷಯ. ಹೊಸ ಗಾಡಿಗೆ ಎಫ್‌ಸಿ (ಅರ್ಹತಾ ಪತ್ರ) ಎರಡು ವರ್ಷಕ್ಕೆ ಸಿಗುತ್ತದೆ. ಆಮೇಲೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಮಾಡಿಸಬೇಕು. ಎಫ್‌ಸಿ ಮುಗಿದಿದ್ದರೆ ಆ ವಾಹನಕ್ಕೆ ಸಿಂಧುವಾದ ನೋಂದಣಿಯೇ ಇಲ್ಲ ಎಂದು 56ನೇ ಸೆಕ್ಷನ್ ಹೇಳುತ್ತದೆ. ಅಂದರೆ ನಂಬರ್ ಪ್ಲೇಟ್ ಇದ್ದೂ ಇಲ್ಲದ ಲೆಕ್ಕ. ಪರ್ಮಿಟ್ ಇಲ್ಲದೆ ಓಡಿಸಿದರೆ 10,000 ರೂಪಾಯಿ ದಂಡ, ಜೈಲು ಶಿಕ್ಷೆಗೂ ಅವಕಾಶವಿದೆ. ಇನ್ಶೂರೆನ್ಸ್, ಎಮಿಷನ್ ಟೆಸ್ಟ್, ತೆರಿಗೆಗಳ ಕೊನೆಯ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದು ಕಣ್ಣಿಗೆ ಕಾಣುವಂತೆ ಅಂಟಿಸಿಕೊಳ್ಳಿ. ಡಿಜಿಲಾಕರ್ ಮತ್ತು ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆಗಳನ್ನೂ ತೋರಿಸಬಹುದು, ಆದ್ದರಿಂದ ಡ್ರೈವರ್‌ನ ಮೊಬೈಲಿನಲ್ಲೂ ಅವು ಇರಲಿ.

ಡ್ರೈವಿಂಗ್ ಲೈಸೆನ್ಸಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. 2019ರ ತಿದ್ದುಪಡಿಯ ನಂತರ ಸಾರಿಗೆ ವಾಹನದ ಲೈಸೆನ್ಸ್ ಐದು ವರ್ಷಕ್ಕೆ, ಅಪಾಯಕಾರಿ ಸರಕಿನ ಗಾಡಿಯದ್ದು ಮೂರು ವರ್ಷಕ್ಕೆ ಚಾಲ್ತಿಯಲ್ಲಿರುತ್ತದೆ. ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿತು. ಅದಕ್ಕಿಂತ ದೊಡ್ಡ ಗಾಡಿಗೆ ಅದು ಸಾಲದು. ಹೊಸ ಡ್ರೈವರ್ ಬಂದಾಗ ಲೈಸೆನ್ಸಿನ ಜೆರಾಕ್ಸ್ ಇಸಿದುಕೊಂಡು ಸುಮ್ಮನಾಗಬೇಡಿ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ನೋಡಿ, ಪಕ್ಕದಲ್ಲಿ ಕೂತು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿ, ಎರಡನ್ನೂ ಬರೆದಿಟ್ಟುಕೊಳ್ಳಿ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಎಚ್ಚರಿಕೆಗೇ ಬೆಲೆ ಕೊಟ್ಟಿತು. ಮಾಲೀಕ ತನ್ನ ಕಡೆಯ ಜಾಗ್ರತೆ ವಹಿಸಿದ್ದನೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಜಾಗ್ರತೆ ತಪ್ಪಿದ್ದರೆ ಏನಾಗುತ್ತದೆ? ವಿಮಾ ಕಂಪನಿ ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತವೆ. ಪರ್ಮಿಟ್ ಇಲ್ಲದ ಗಾಡಿಯ ವಿಷಯದಲ್ಲೂ ಹೀಗೇ. ಒಂದು ಲಾರಿ ದುಡಿದು ತಂದದ್ದೆಲ್ಲ, ಮನೆ, ಹೊಲ ಸಮೇತ, ಅಂಥ ಒಂದು ವಸೂಲಿಗೆ ಹೋಗಬಹುದು.

ಆದರೆ ಎಫ್‌ಸಿ ಹೇಳುವುದು ಬ್ರೇಕ್ ಇನ್‌ಸ್ಪೆಕ್ಟರ್ ನೋಡಿದ ದಿನದ ಗಾಡಿಯ ಸ್ಥಿತಿಯನ್ನು. ಮಾರನೆಯ ವಾರ ಬ್ರೇಕ್ ಲೈನರ್ ಸವೆದರೆ, ಏರ್ ಪೈಪ್ ಸೋರಿದರೆ ಆ ಕಾಗದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ಟ್ರಿಪ್ಪಿಗೆ ಮುಂಚೆ ಹತ್ತು ನಿಮಿಷ ಗಾಡಿಯ ಸುತ್ತ ಒಂದು ಸುತ್ತು ಬರುವ ಪದ್ಧತಿ ಮಾಡಿ. ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಆ ಟೈರು ರಸ್ತೆಗೆ ಯೋಗ್ಯವಲ್ಲ. ಮುಂದಿನ ಎರಡು ಚಕ್ರಕ್ಕೆ ಉತ್ತಮ ಟೈರನ್ನೇ ಹಾಕಿ, ಏಕೆಂದರೆ ಹಿಂದಿನ ಜೋಡಿ ಟೈರಿನಲ್ಲಿ ಒಂದು ಹೋದರೆ ಇನ್ನೊಂದು ತಾಳಿಕೊಳ್ಳುತ್ತದೆ, ಮುಂದಿನದು ಒಡೆದರೆ ಗಾಡಿ ಡ್ರೈವರ್‌ನ ಕೈಯಲ್ಲಿ ಉಳಿಯುವುದಿಲ್ಲ. ವೀಲ್ ನಟ್‌ಗಳ ಸುತ್ತ ತುಕ್ಕಿನ ಗೆರೆ ಕಂಡರೆ ನಟ್ ಸಡಿಲವಾಗಿದೆ ಎಂಬ ಅನುಮಾನ ಇರಲಿ. ಗಾಳಿಯ ಒತ್ತಡ ಪೂರ್ತಿ ಏರಿದ ಮೇಲೆ ಎಂಜಿನ್ ನಿಲ್ಲಿಸಿ, ಬ್ರೇಕ್ ತುಳಿದು ಹಿಡಿದು ಮುಳ್ಳು ಇಳಿಯುತ್ತದೆಯೇ ನೋಡಿ. ಹಿಂದಿನ ಲೈಟು, ಬ್ರೇಕ್ ಲೈಟು, ಇಂಡಿಕೇಟರ್ ಉರಿಯುತ್ತವೆಯೇ ಎಂದು ಕ್ಲೀನರ್‌ನನ್ನು ಹಿಂದೆ ನಿಲ್ಲಿಸಿ ಕೇಳಿ.

ಡ್ರೈವರ್ ಕೈಗೆ ಒಂದು ನೋಟ್‌ಬುಕ್ ಕೊಡಿ. ಗಾಡಿಯಲ್ಲಿ ಕಂಡ ದೋಷವನ್ನು ಅವನು ಬರೆಯಲಿ, ರಿಪೇರಿ ಆದ ಮೇಲೆ ನೀವು ಸಹಿ ಹಾಕಿ. "ಬ್ರೇಕ್ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ ಅಣ್ಣ" ಎಂದು ಡ್ರೈವರ್ ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಪುಸ್ತಕದಲ್ಲಿ ಬರೆದದ್ದು, ನೀವು ಸಹಿ ಹಾಕುವವರೆಗೂ, ನಿಮ್ಮನ್ನು ಕೇಳುತ್ತಲೇ ಇರುತ್ತದೆ. ದೋಷ ಹೇಳಿದ ಡ್ರೈವರ್‌ಗೆ ಬೈಯಬೇಡಿ. ಒಮ್ಮೆ ಬೈದರೆ ಮುಂದೆ ಅವನು ಹೇಳುವುದನ್ನೇ ಬಿಡುತ್ತಾನೆ.

ಗುಂಡೇನಹಳ್ಳಿಯ ಮಾತಿಗೆ ಇಲ್ಲಿ ಮತ್ತೆ ಬರಬೇಕು. ಲಾರಿಗೆ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ ಪ್ರತಿಫಲಕ ಟೇಪ್ ಇರಬೇಕೆಂಬುದು ನಿಯಮ. ಎಫ್‌ಸಿಗೆ ಹೋಗುವ ಮುಂಚೆ ಅಂಟಿಸಿದ ಟೇಪಿನ ಮೇಲೆ ಮೂರು ತಿಂಗಳಲ್ಲಿ ಕೆಸರು ಮೆತ್ತಿ, ಟಾರ್ಪಾಲಿನ ಅಂಚು ಇಳಿದು ಮುಚ್ಚಿಕೊಂಡಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಲು ಎರಡು ನಿಮಿಷ ಸಾಕು. ಗಾಡಿ ಕೆಟ್ಟು ನಿಂತರೆ ಹಿಂದೆ ಕಲ್ಲು ಸಾಲು ಇಟ್ಟು, ಒಂದು ಸೊಪ್ಪಿನ ಟೊಂಗೆ ಸಿಕ್ಕಿಸುವುದು ನಮ್ಮ ಹೆದ್ದಾರಿಗಳ ರೂಢಿ. ಕತ್ತಲಲ್ಲಿ ಎಂಬತ್ತರ ವೇಗದಲ್ಲಿ ಬರುವವನಿಗೆ ಆ ಟೊಂಗೆ ಕಾಣುವುದಿಲ್ಲ. ಗಾಡಿ ಹೊರಟುಹೋದ ಮೇಲೂ ಕಲ್ಲು ಅಲ್ಲೇ ಉಳಿದು ಬೈಕ್ ಸವಾರನ ಜೀವ ತೆಗೆಯುತ್ತದೆ. ಪ್ರತಿಫಲಿಸುವ ಎಚ್ಚರಿಕೆಯ ತ್ರಿಕೋನವನ್ನು ಪ್ರತಿ ಗಾಡಿಯಲ್ಲೂ ಇಡಿಸಿ. ಅದನ್ನು ಲಾರಿಯ ಹಿಂದೆ ಸಾಕಷ್ಟು ದೂರದಲ್ಲಿ ಇಡುವುದನ್ನು ಡ್ರೈವರ್‌ಗೂ ಕ್ಲೀನರ್‌ಗೂ ಒಮ್ಮೆ ಮಾಡಿ ತೋರಿಸಿ. ಚಹಾ ಕುಡಿಯಲು, ನಿದ್ದೆ ಮಾಡಲು ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಬಾರದು. ಡಾಬಾದ ಅಂಗಳಕ್ಕೋ ಪೆಟ್ರೋಲ್ ಬಂಕಿಗೋ ಲಾರಿ ನಿಲುಗಡೆಯ ಜಾಗಕ್ಕೋ ಹೋಗಲಿ ಎಂದು ನೀವೇ ಕಟ್ಟುನಿಟ್ಟಾಗಿ ಹೇಳಿ.

ಇನ್ನು ಲೋಡು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಅಷ್ಟು ಸಡಿಲಿಸಿದ ಮೇಲೂ ಓವರ್‌ಲೋಡ್ ನಿಂತಿಲ್ಲ. ಆಕ್ಸಲ್ ಮೇಲಿನ ಭಾರ ಶೇ 20ರಷ್ಟು ಹೆಚ್ಚಾದರೆ ರಸ್ತೆಗೆ ಆಗುವ ಹಾನಿ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸ್ತೆ ಎಂಜಿನಿಯರುಗಳು ಬಹುಕಾಲದಿಂದ ಬಳಸುವ ಲೆಕ್ಕ. ಆ ಕೆಟ್ಟ ರಸ್ತೆಯಲ್ಲಿ ಸ್ಪ್ರಿಂಗ್ ಪಟ್ಟಾ ಮುರಿದುಕೊಳ್ಳುವುದೂ ನಿಮ್ಮದೇ ಗಾಡಿ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಶಿರಾಡಿ, ಅರಬೈಲಿನಂಥ ಘಾಟಿ ಇಳಿಯುವಾಗ ಭಾರವನ್ನೆಲ್ಲ ಬ್ರೇಕೇ ಹಿಡಿಯಬೇಕು. ಹಿಡಿದು ಹಿಡಿದು ಡ್ರಮ್ ಕಾಯುತ್ತದೆ, ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸಿದರೆ ಎಂಜಿನ್ ಕೊಡುವ ತಡೆಯೂ ಹೋಗುತ್ತದೆ. ಏರುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಸಬೇಕು ಎಂಬುದು ಹಳೆಯ ಡ್ರೈವರ್‌ಗಳು ಕಿರಿಯರಿಗೆ ಹೇಳುತ್ತಿದ್ದ ಮಾತು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಡೀಸೆಲ್ ಉಳಿಸಿದ್ದಕ್ಕೆ ಡ್ರೈವರ್‌ಗೆ ಇನಾಮು ಕೊಡುವ ಮಾಲೀಕರು, ಆ ಉಳಿತಾಯ ಘಾಟಿಯ ನ್ಯೂಟ್ರಲ್‌ನಿಂದ ಬಂದದ್ದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಓವರ್‌ಲೋಡಿನ ದಂಡವನ್ನೂ ಲೆಕ್ಕ ಹಾಕಿ ನೋಡಿ. ಮಿತಿ ಮೀರಿದ್ದಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಐದು ಟನ್ ಹೆಚ್ಚಿದ್ದರೆ 30,000 ಆಯಿತು, ಜೊತೆಗೆ ಹೆಚ್ಚುವರಿ ಸರಕು ಇಳಿಸುವ ಕೂಲಿಯೂ ನಿಮ್ಮದೇ. ತೂಕ ಹಾಕಿಸಲು ನಿಲ್ಲಿಸದೆ ಓಡಿದರೆ 40,000. ಕಬ್ಬಿಣದ ಸರಳು, ಪೈಪು ಬಾಡಿಯಿಂದ ಆಚೆ ಚಾಚಿಕೊಂಡಿದ್ದರೆ ಅದಕ್ಕೂ 20,000. ಹಿಂದೆ ಬರುವ ಬೈಕ್ ಸವಾರನ ಎದೆಮಟ್ಟಕ್ಕೆ ಚಾಚಿರುವ ಆ ಸರಳಿಗೆ ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ಅಪಾಯ ಹೋಗುವುದಿಲ್ಲ.

ಲೋಡಿನ ಮೇಲೆ ಜನರನ್ನು ಕೂರಿಸುವುದು ಇದಕ್ಕಿಂತ ದೊಡ್ಡ ಅಪಾಯ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಜನ ಸತ್ತರು. ಬಡ ವ್ಯಾಪಾರಿಗೆ ಬಸ್ಸಿನಲ್ಲಿ ಮೂಟೆ ಸಾಗಿಸಲಾಗದು, ಅವನ ಕಷ್ಟ ನಿಜ. ಆದರೆ ಗಾಡಿ ಮಗುಚಿದಾಗ ಮೂಟೆಯ ಮೇಲೆ ಕೂತವನನ್ನು ಕಾಯಲು ಏನೂ ಇಲ್ಲ. ಸರಕಿನ ಒಡೆಯನಿಗೂ ಅವನ ಪ್ರತಿನಿಧಿಗೂ ವಿಮೆಯ ರಕ್ಷಣೆ ಇದೆ. ಸರಕು ಗಾಡಿಗೆ ಸುಮ್ಮನೆ ಹತ್ತಿದ ಪ್ರಯಾಣಿಕನ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಆಶಾ ರಾಣಿ ಪ್ರಕರಣದಲ್ಲೇ ಹೇಳಿದೆ. ಕೂಲಿಯವರನ್ನು, ಮದುವೆ ದಿಬ್ಬಣವನ್ನು, ಜಾತ್ರೆಯ ಜನರನ್ನು ಹತ್ತಿಸಿಕೊಳ್ಳುವ ಮುನ್ನ ಇದನ್ನು ನೆನೆಯಿರಿ.

ಈಗ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ ವಿಷಯ: ಡ್ರೈವರ್‌ನ ನಿದ್ದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳಿತು. ದೂರದ ಮಾರ್ಗಗಳಲ್ಲಿ ದಿನಕ್ಕೆ ಹತ್ತು ಗಂಟೆಯವರೆಗೆ ವಿನಾಯಿತಿ ಕೊಟ್ಟಿತು. ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆ ವಿರಾಮ, ಒಂದು ದಿನದ ಕೆಲಸಕ್ಕೂ ಮಾರನೆಯ ದಿನದ ಕೆಲಸಕ್ಕೂ ನಡುವೆ ಸತತ ಒಂಬತ್ತು ಗಂಟೆ ಬಿಡುವು, ವಾರಕ್ಕೊಂದು ರಜೆ ಎಂದೂ ಹೇಳಿತು. 2020ರ ಕಾರ್ಮಿಕ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ, ದಿನಕ್ಕೆ ಎಂಟು ಗಂಟೆಯ ತತ್ವ ಹಾಗೇ ಇದೆ. ನಿಮ್ಮಲ್ಲಿ ಒಬ್ಬಿಬ್ಬರೇ ಡ್ರೈವರ್ ಇರಬಹುದು, ಈ ಕಾಯ್ದೆಗಳು ನಿಮ್ಮಂಥ ಚಿಕ್ಕ ಉದ್ಯಮವನ್ನು ಮುಟ್ಟದೆಯೂ ಇರಬಹುದು. ಆದರೆ ಮನುಷ್ಯನ ದೇಹಕ್ಕೆ ಅಂಥ ವಿನಾಯಿತಿ ಇಲ್ಲ.

ಬೆಂಗಳೂರಿನಿಂದ ಮುಂಬೈಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಲೋಡು ಗಾಡಿ ಸರಾಸರಿ 45 ಕಿ.ಮೀ. ವೇಗದಲ್ಲಿ ಹೋದರೆ ಚಕ್ರ ತಿರುಗುವ ಹೊತ್ತೇ 22 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬ ಡ್ರೈವರ್‌ಗೆ ಇದು ಮೂರು ದಿನದ ಕೆಲಸ. "ನಾಳೆ ರಾತ್ರಿ ಮುಟ್ಟಬೇಕು" ಎಂದು ಒಬ್ಬನನ್ನೇ ಕಳಿಸಿದರೆ, ಅವನು ನಿದ್ದೆಗೆಟ್ಟು ಓಡಿಸಲಿ ಎಂದು ನೀವೇ ಹೇಳಿದ ಹಾಗಾಯಿತು. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಕಡ್ಡಾಯ ಎಂಬ ನಿಯಮವನ್ನು 2018ರಲ್ಲಿ ತೆಗೆದುಹಾಕಿದರು. ನಿಯಮ ಹೋದರೂ ಅದರ ಹಿಂದಿದ್ದ ಕಾರಣ ಹೋಗಿಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮನುಷ್ಯನಿಗೆ ನಿದ್ದೆ ಒತ್ತರಿಸಿ ಬರುತ್ತದೆ, ಅದನ್ನು ಚಹಾ, ಗುಟ್ಕಾ ತಡೆಯಲಾರವು. ಆ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ ಮಲಗಲು ಡ್ರೈವರ್‌ಗೆ ಅನುಮತಿ ಕೊಡಿ, ಮಲಗಿದ್ದಕ್ಕೆ ಬಾಟಾ ಕಡಿಯಬೇಡಿ. ಟ್ರಿಪ್ಪಿನ ಲೆಕ್ಕದಲ್ಲಿ ಮಾತ್ರ ದುಡ್ಡು ಕೊಟ್ಟರೆ ಡ್ರೈವರ್ ಟ್ರಿಪ್ ಹೆಚ್ಚಿಸಲು ನೋಡುತ್ತಾನೆ. ತಿಂಗಳ ಸಂಬಳವೊಂದು ಖಚಿತವಾಗಿದ್ದರೆ ಆ ಒತ್ತಡ ಇಳಿಯುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಎಸಿ ಇದೆಯೆಂದು ಹಗಲಿನ ವಿಶ್ರಾಂತಿಯನ್ನೂ ಕಿತ್ತುಕೊಂಡರೆ ಆ ನಿಯಮದಿಂದ ಪ್ರಯೋಜನವಿಲ್ಲ.

ಸ್ಪೀಡ್ ಗವರ್ನರ್ ವಿಷಯದಲ್ಲೂ ತೀರ್ಮಾನ ಮಾಲೀಕರದೇ. ಸಾಮಾನ್ಯ ಸರಕು ಗಾಡಿಗೆ 80 ಕಿ.ಮೀ., ಟ್ಯಾಂಕರ್, ಡಂಪರ್ ಮತ್ತು ಅಪಾಯಕಾರಿ ಸರಕಿನ ಗಾಡಿಗೆ 60 ಕಿ.ಮೀ. ಮಿತಿ. ಎಫ್‌ಸಿ ದಿನ ಜೋಡಿಸಿ ಮಾರನೆಯ ದಿನ ವೈರ್ ಕೀಳಿಸುವವರು ಡ್ರೈವರ್‌ಗಳಲ್ಲ, ಮಾಲೀಕರೇ. ಇದನ್ನು ನೀವು ಒಪ್ಪಿಕೊಳ್ಳಲೇಬೇಕು.

ಗ್ಯಾಸ್, ಪೆಟ್ರೋಲ್, ಆ್ಯಸಿಡ್ ಸಾಗಿಸುವವರಿಗೆ ಪ್ರತ್ಯೇಕವಾಗಿ ಒಂದು ಮಾತು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದಾಗ ಸತ್ತವರಲ್ಲಿ ರಸ್ತೆಯ ಪಕ್ಕದ ಜನರೂ ಇದ್ದರು. ಟ್ಯಾಂಕರಿನ ಮೇಲಿನ ತುರ್ತು ಮಾಹಿತಿ ಫಲಕದಲ್ಲಿ ಸರಕಿನ ಯುಎನ್ ಸಂಖ್ಯೆ ಇರುತ್ತದೆ: ಎಲ್‌ಪಿಜಿಗೆ 1075, ಪೆಟ್ರೋಲಿಗೆ 1203. ಬೆಂಕಿ ಆರಿಸಲು ಬರುವವರಿಗೆ ಒಳಗಿರುವುದು ಏನೆಂದು ಮೊದಲು ತಿಳಿಸುವುದು ಆ ಫಲಕ. ಅದು ಮಾಸಿದ್ದರೆ ಮತ್ತೆ ಬರೆಸಿ. ಡ್ರೈವರ್‌ಗೆ ವಿಶೇಷ ತರಬೇತಿ ಇರಬೇಕು, ಸರಕಿನ ತುರ್ತು ಕಾರ್ಡು ಕ್ಯಾಬಿನ್ನಿನಲ್ಲಿ ಇರಬೇಕು, ಅವನಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಸರಕಿನ ಪೂರ್ತಿ ಮಾಹಿತಿ ಕೊಡುವುದು ಕಳಿಸುವವರ ಹೊಣೆ. ಕೊಡದಿದ್ದರೆ ಲೋಡು ಹಾಕಿಸಿಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದರೂ ಅಪಘಾತ ಆಗಬಹುದು. ಆಗ ಡ್ರೈವರ್ ಓಡಿಹೋಗದಂತೆ ಮೊದಲೇ ಧೈರ್ಯ ತುಂಬಿ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೊರಿಸಿದ ಕರ್ತವ್ಯ. ಜನ ಹೊಡೆಯುತ್ತಾರೆಂಬ ಭಯ ಇದ್ದರೆ ಹತ್ತಿರದ ಠಾಣೆಗೆ ಹೋಗಿ ಹೇಳಲಿ, 112ಕ್ಕೆ ಕರೆ ಮಾಡಲಿ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಗಾಯಗೊಂಡವನು ನಿಮ್ಮದೇ ಡ್ರೈವರ್ ಆಗಿದ್ದರೂ ಅದು ಅವನಿಗೆ ಸಲ್ಲುತ್ತದೆ. ಆಸ್ಪತ್ರೆಯ ದುಡ್ಡಿನ ಚಿಂತೆಯಲ್ಲಿ ಮೊದಲ ಒಂದು ಗಂಟೆ ಕಳೆದುಹೋಗಬಾರದು.

ನಿಮ್ಮ ಉತ್ತರವೂ ನನಗೆ ಗೊತ್ತಿದೆ. "ನಾನು ಓವರ್‌ಲೋಡ್ ಬೇಡವೆಂದರೆ ಪಕ್ಕದ ಗಾಡಿಯವನು ಹಾಕಿಕೊಂಡು ಹೋಗುತ್ತಾನೆ. ಬಾಡಿಗೆ ನಿಗದಿ ಮಾಡುವವನು ಏಜೆಂಟ್, ಕಂತು ಕಟ್ಟುವವನು ನಾನು." ಇದು ಸುಳ್ಳಲ್ಲ. ಒಬ್ಬ ಮಾಲೀಕ ಒಂಟಿಯಾಗಿ ನಿಯಮ ಪಾಲಿಸಿದರೆ ಅವನಿಗೇ ನಷ್ಟ. ಹತ್ತಿಪ್ಪತ್ತು ಮಾಲೀಕರು ಒಂದೇ ಲೋಡಿಂಗ್ ಪಾಯಿಂಟಿನಲ್ಲಿ ಒಂದೇ ಮಾತು ಹೇಳಿದರೆ ಆ ನಷ್ಟ ಯಾರಿಗೂ ಇಲ್ಲ. ಲೋಡು ಮಿತಿಯೊಳಗಿದ್ದರೆ ಅಷ್ಟೇ ಸರಕಿಗೆ ಟ್ರಿಪ್ ಹೆಚ್ಚುತ್ತದೆ, ಗಾಡಿಗಳಿಗೆ ಕೆಲಸ ಹೆಚ್ಚುತ್ತದೆ, ಬಾಡಿಗೆ ಏರಿಸಿ ಕೇಳಲು ನಿಮಗೆ ಬಲ ಬರುತ್ತದೆ. ಓವರ್‌ಲೋಡಿನಿಂದ ಲಾಭವಾಗುವುದು ಸರಕಿನವನಿಗೆ. ಟೈರು, ಎಂಜಿನ್, ದಂಡ, ಕೋರ್ಟಿನ ಅಲೆದಾಟ ನಿಮ್ಮ ಪಾಲಿಗೆ ಬರುತ್ತವೆ.

ಆದ್ದರಿಂದ ನಿಮ್ಮಲ್ಲಿ ನನ್ನ ಮನವಿ ಇಷ್ಟು. ನಿಮ್ಮ ತಾಲ್ಲೂಕಿನ ಸಂಘದ ಮುಂದಿನ ಸಭೆಯಲ್ಲಿ ಮೂರು ನಿರ್ಣಯ ಮಾಡಿ. ನೋಂದಣಿ ಪತ್ರದಲ್ಲಿ ಬರೆದ ತೂಕಕ್ಕಿಂತ ಒಂದು ಮೂಟೆಯನ್ನೂ ಯಾರೂ ಹೆಚ್ಚು ಹಾಕಿಸಿಕೊಳ್ಳುವುದಿಲ್ಲ. ಎಂಟು ಗಂಟೆಗಿಂತ ಹೆಚ್ಚಿನ ದಾರಿಗೆ ಒಬ್ಬನೇ ಡ್ರೈವರ್ ಇದ್ದರೆ, ನಡುವೆ ನಿದ್ದೆಯ ಹೊತ್ತು ಸೇರಿಸಿಯೇ ಮುಟ್ಟುವ ಸಮಯ ಹೇಳುತ್ತೇವೆ. ಪ್ರತಿಫಲಕ ಟೇಪ್, ತ್ರಿಕೋನ, ದೋಷ ಬರೆಯುವ ಪುಸ್ತಕ ಇಲ್ಲದ ಗಾಡಿ ನಮ್ಮ ಸಂಘದಿಂದ ಹೊರಡುವುದಿಲ್ಲ. ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ, ಮಾಲು ಕೊಡುವವರಿಗೂ ಏಜೆಂಟರಿಗೂ ಕಾಣುವಂತೆ ಲೋಡಿಂಗ್ ಜಾಗದಲ್ಲಿ ತೂಗುಹಾಕಿ. ಮುಷ್ಕರದಲ್ಲಿ ತೋರಿಸಿದ ಒಗ್ಗಟ್ಟನ್ನು ಇಲ್ಲಿಯೂ ತೋರಿಸಿ. ಯಾವ ಆರ್‌ಟಿಒ ಚೆಕ್‌ಪೋಸ್ಟೂ ಮಾಡಲಾಗದ ಕೆಲಸವನ್ನು ನೀವು ಮಾಡಬಲ್ಲಿರಿ.

ಇತಿ,
ನಿಮ್ಮ ಹಿತ ಬಯಸುವ
ಒಬ್ಬ ನಾಗರಿಕ